ಹವಾ-ನೀರು ಒಗ್ಗಲಿಲ್ಲ: ಗ್ರೀಕ್ ವೈದ್ಯರು ಕೇಳಿದ ಪ್ರಶ್ನೆಗಳು

ಕಳೆದ ಬೇಸಿಗೆಯಲ್ಲಿ ನಮ್ಮವ್ವ ಸೇಡಂ ಕಡೆಯ ನಮ್ಮೂರಿನಿಂದ ಹೈದರಾಬಾದಿಗೆ, ನಮ್ಮ ಮನೆಗೆ ಬಂದಳು. ಹದಿನೈದು ದಿನ ಕಳೆದಿರಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರತೊಡಗಿತು. ಒಂದು ದಿನ ಬಚ್ಚಲಮನೆ ಬಾಗಿಲಲ್ಲೇ ಕುಸಿದು ಕುಳಿತಳು. "ತಮ್ಮಾ, ಇಲ್ಲೀ ಹವಾ-ನೀರು ನನಗ ಒಗ್ಗವಲ್ದು. ಊರಿಗಿ ಕಳಿಸಿಬಿಡು" ಅಂದಳು.

ನಾನು ಆ ಮಾತಿಗೆ ಕಿವಿಗೊಡಲಿಲ್ಲ. ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ, ಇಸಿಜಿ, ತಲೆಯ ಸ್ಕ್ಯಾನು ಎಲ್ಲ ಆಯಿತು. ಫೈಲು ದಪ್ಪವಾಯಿತು, ಎಲ್ಲವೂ ‘ನಾರ್ಮಲ್’. ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನೋಡಿದಷ್ಟು ಹೊತ್ತು ಅವ್ವನ ಮುಖ ನೋಡಲಿಲ್ಲ. ಕೊನೆಗೆ ನೆರೆಯವರು ಹೇಳಿದರೆಂದು ನಮ್ಮ ಓಣಿಯಲ್ಲೇ ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ವಯಸ್ಸಾದ ಡಾಕ್ಟರ ಬಳಿ ಹೋದೆವು. ಅವರು ಇಪ್ಪತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಊರು ಯಾವುದು, ಅಲ್ಲಿ ಬಾವಿ ನೀರೋ ನಲ್ಲಿ ನೀರೋ, ಊಟಕ್ಕೆ ಜೋಳದ ರೊಟ್ಟಿಯೋ ಅನ್ನವೋ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಇಲ್ಲಿಗೆ ಬಂದ ಮೇಲೆ ಏನೇನು ಬದಲಾಯಿತು. ಅವರು ತೆಲುಗಿನಲ್ಲಿ ಕೇಳುವುದು, ನಾನು ಕನ್ನಡಕ್ಕೆ ತಿರುಗಿಸುವುದು ನಡೆಯಿತು. ಕಡೆಗೆ ಅವರು ಒಂದು ಮಾತು ಹೇಳಿದರು: "ಮನೆಯಲ್ಲಿ ಅಮ್ಮನ ಹತ್ತಿರ ಇರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ."

ಚೀಲದಲ್ಲಿ ಏನಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅವತ್ತು ಮನೆಗೆ ಬಂದ ಮೇಲೆ ನನಗೆ ನೆನಪಾದದ್ದು ಹಿಂದೆ ಎಂದೋ ಓದಿದ್ದ, ಸುಮಾರು 2,400 ವರ್ಷ ಹಳೆಯ ಗ್ರೀಕ್ ವೈದ್ಯಕೀಯ ಪುಸ್ತಕವೊಂದು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಗಾಳಿ, ನೀರು, ನೆಲ’ ಎಂದಾಗುತ್ತದೆ. ಅಂದರೆ ನಮ್ಮವ್ವ ಹೇಳಿದ ಹವಾ-ನೀರೇ!

ಹೊಸ ಊರಿಗೆ ಹೋಗುವ ವೈದ್ಯ

ಹಿಪ್ಪೊಕ್ರೇಟಿಸ್ ಹುಟ್ಟಿದ್ದು ಕ್ರಿ.ಪೂ. 460ರ ಆಸುಪಾಸಿನಲ್ಲಿ, ಈಗಿನ ಟರ್ಕಿಯ ಕರಾವಳಿಗೆ ಹತ್ತಿರವಿರುವ ಕೋಸ್ ಎಂಬ ಗ್ರೀಕ್ ದ್ವೀಪದಲ್ಲಿ. ಅವನ ಹೆಸರಿನಲ್ಲಿ ಸುಮಾರು 60 ಪುಸ್ತಕಗಳು ಉಳಿದಿವೆ. ಎಲ್ಲವೂ ಅವನು ಬರೆದದ್ದಲ್ಲ. ಬೇರೆ ಬೇರೆ ಕಾಲದ, ಬೇರೆ ಬೇರೆ ವೈದ್ಯರ ಬರಹಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ. ನಮ್ಮ ವ್ಯಾಸರ ಹೆಸರಿನಲ್ಲಿ ಎಷ್ಟೊಂದು ಪುರಾಣಗಳಿವೆಯಲ್ಲ, ಹಾಗೆ.

‘ಗಾಳಿ, ನೀರು, ನೆಲ’ ಪುಸ್ತಕ ಊರೂರು ಅಲೆಯುವ ವೈದ್ಯನಿಗೆ ಬರೆದ ಕೈಪಿಡಿ. ಆ ಕಾಲದ ಗ್ರೀಸಿನಲ್ಲಿ ಆಸ್ಪತ್ರೆಗಳಿರಲಿಲ್ಲ. ವೈದ್ಯನೇ ಊರಿನಿಂದ ಊರಿಗೆ ಹೋಗುತ್ತಿದ್ದ. ಗೊತ್ತಿಲ್ಲದ ಊರಿಗೆ ಕಾಲಿಟ್ಟವನು ಮೊದಲು ಏನು ನೋಡಬೇಕು? ಊರು ಯಾವ ದಿಕ್ಕಿಗೆ ಮುಖ ಮಾಡಿದೆ, ಯಾವ ಗಾಳಿ ಬೀಸುತ್ತದೆ, ಜನ ಕುಡಿಯುವ ನೀರು ಜೌಗಿನದೋ ಬೆಟ್ಟದ ಚಿಲುಮೆಯದೋ, ಜನ ಕುಡುಕರೋ ದುಡಿಮೆಗಾರರೋ, ದಿನಕ್ಕೆ ಎಷ್ಟು ಸಲ ಉಣ್ಣುತ್ತಾರೆ. ಇದನ್ನೆಲ್ಲ ತಿಳಿದುಕೊಂಡವನಿಗೆ ಆ ಊರಿನ ರೋಗಗಳು ಗೊತ್ತಾಗುತ್ತವೆ ಎಂಬುದು ಪುಸ್ತಕದ ವಾದ.

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ದೆಹಲಿ ಸೇರಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಊರಿನ ಮೊದಲ ತಿಂಗಳು ಹೊಟ್ಟೆ ಕೆಟ್ಟದ್ದು, ತಲೆಗೂದಲು ಉದುರಿದ್ದು, ನೆಗಡಿ ಬಿಡದೇ ಕಾಡಿದ್ದು ಯಾರಿಗೆ ನೆನಪಿಲ್ಲ? ಆದರೆ ಈ ಪುಸ್ತಕದಲ್ಲಿ ಹೊಸತೆನಿಸಿದ್ದು ಇನ್ನೊಂದು ಸಂಗತಿ. ರೋಗಕ್ಕೆ ಕಾರಣವನ್ನು ಅದು ದೇವರ ಸಿಟ್ಟಿನಲ್ಲಿ ಹುಡುಕುವುದಿಲ್ಲ, ನೆಲದ ಮೇಲೆ ಹುಡುಕುತ್ತದೆ.

ದೇವರ ರೋಗವಲ್ಲ

ಇದೇ ಗುಂಪಿನ ಇನ್ನೊಂದು ಪುಸ್ತಕ ಮೂರ್ಛೆರೋಗದ ಬಗ್ಗೆ. ಗ್ರೀಕರು ಅದನ್ನು ‘ಪವಿತ್ರ ರೋಗ’ ಎನ್ನುತ್ತಿದ್ದರು. ದೇವರು ಮೈಮೇಲೆ ಬಂದದ್ದು, ಗಾಳಿ ಸೋಕಿದ್ದು ಎಂದು ಮಂತ್ರ, ಶುದ್ಧಿ, ಪಥ್ಯ ಮಾಡಿಸುತ್ತಿದ್ದರು. ಪುಸ್ತಕ ಬರೆದವನು ನೇರವಾಗಿಯೇ ಹೇಳುತ್ತಾನೆ: ಇದು ಬೇರೆ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಇದಕ್ಕೂ ಕಾರಣವಿದೆ, ಆ ಕಾರಣ ಮೆದುಳಿನಲ್ಲಿದೆ, ತಮಗೆ ತಿಳಿಯದ್ದನ್ನು ಮುಚ್ಚಿಡಲು ಕೆಲವರು ದೇವರ ಹೆಸರು ಹೇಳುತ್ತಾರೆ. ಆಡುಗಳಿಗೂ ಈ ರೋಗ ಬರುತ್ತದೆ, ಸತ್ತ ಆಡಿನ ತಲೆ ಒಡೆದು ನೋಡಿ ಎಂದೂ ಸವಾಲು ಹಾಕುತ್ತಾನೆ. ಮೆದುಳಿಗೆ ಹೋಗುವ ನಾಳಗಳನ್ನು ಕಫ ಕಟ್ಟುತ್ತದೆ ಎಂಬ ಅವನ ವಿವರಣೆ ತಪ್ಪು. ಕಾರಣವನ್ನು ಮೆದುಳಿನಲ್ಲಿ ಹುಡುಕಿದ್ದು ಸರಿ.

ಇಂದಿಗೂ ಮಗುವಿಗೆ ಫಿಟ್ಸ್ ಬಂದರೆ ಮುಚ್ಚಿಡುವ, ಮದುವೆ ಮಾತಿನಲ್ಲಿ ಅದನ್ನು ಬಾಯಿಬಿಡದ ಮನೆಗಳು ನಮ್ಮಲ್ಲಿವೆ. ರೋಗವನ್ನು ಶಾಪದಿಂದ ಬಿಡಿಸುವುದೆಂದರೆ ರೋಗಿಯನ್ನೂ ಅವಮಾನದಿಂದ ಬಿಡಿಸುವುದು. ಆ ಕೆಲಸ ಆಗ ಶುರುವಾಯಿತು, ಇನ್ನೂ ಮುಗಿದಿಲ್ಲ.

ಹಾಗೆಂದು ಗ್ರೀಕರೆಲ್ಲ ಗುಡಿ ಬಿಟ್ಟು ವೈದ್ಯರ ಬಳಿ ಓಡಿದರು ಎಂದುಕೊಳ್ಳಬೇಡಿ. ಅಸ್ಕ್ಲೀಪಿಯಸ್ ಎಂಬ ವೈದ್ಯದೇವತೆಯ ಗುಡಿಗಳು ಎಪಿಡಾರಸ್, ಕೋಸ್, ಪೆರ್ಗಮಾನ್‌ಗಳಲ್ಲಿ ಜನರಿಂದ ತುಂಬಿರುತ್ತಿದ್ದವು. ರೋಗಿಗಳು ಗುಡಿಯಲ್ಲೇ ರಾತ್ರಿ ಮಲಗುತ್ತಿದ್ದರು, ಕನಸಿನಲ್ಲಿ ದೇವರು ಬಂದು ಗುಣಪಡಿಸುತ್ತಾನೆ ಎಂದು ಕಾಯುತ್ತಿದ್ದರು. ಗುಣವಾದವರು ಕಣ್ಣು, ಕಿವಿ, ಕಾಲುಗಳ ಆಕಾರಗಳನ್ನು ಮಾಡಿಸಿ ಅರ್ಪಿಸುತ್ತಿದ್ದರು. ನಂಜನಗೂಡಿನಲ್ಲಿ ಬೆಳ್ಳಿಯ ಕಣ್ಣು, ಕೈ-ಕಾಲು ಹರಕೆ ಒಪ್ಪಿಸುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಆ ನಂಜುಂಡನಿಗೆ ‘ಹಕೀಮ್ ನಂಜುಂಡ’ ಎಂಬ ಹೆಸರೂ ಇದೆ. ತನ್ನ ಆನೆಯ ಕಣ್ಣು ವಾಸಿಯಾದಾಗ ಟಿಪ್ಪು ಸುಲ್ತಾನ್ ಹಾಗೆ ಕರೆದನೆಂದು ಪ್ರತೀತಿ. ಹಕೀಮ್ ಎಂದರೆ ಯೂನಾನಿ ವೈದ್ಯ, ಆ ಪದಕ್ಕೆ ಮುಂದೆ ಬರೋಣ. ಗ್ರೀಸಿನಲ್ಲೂ ನಮ್ಮಲ್ಲೂ ಜನ ಗುಡಿಗೂ ಹೋದರು, ವೈದ್ಯರ ಬಳಿಗೂ ಹೋದರು.

42 ರೋಗಿಗಳು, 25 ಸಾವು

ಹಿಪ್ಪೊಕ್ರೇಟಿಸ್ ಹೆಸರಿನ ಪುಸ್ತಕಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ‘ಎಪಿಡೆಮಿಯಾಯ್’. ಊರಿಗೆ ಬಂದು ತಂಗುವುದು ಎಂದು ಈ ಪದದ ಅರ್ಥ. ಇಂಗ್ಲಿಷಿನ ‘ಎಪಿಡೆಮಿಕ್’ ಬಂದದ್ದು ಇಲ್ಲಿಂದಲೇ. ಇದರ ಒಂದನೇ ಮತ್ತು ಮೂರನೇ ಭಾಗಗಳಲ್ಲಿ 42 ರೋಗಿಗಳ ದಿನಚರಿ ಇದೆ. ರೋಗಿಯ ಹೆಸರು, ಮನೆ ಎಲ್ಲಿತ್ತು, ಮೊದಲ ದಿನ ಜ್ವರ ಹೇಗಿತ್ತು, ಎರಡನೇ ದಿನ ಏನಾಯಿತು, ನಿದ್ದೆ ಬಂತೇ, ಮೂತ್ರದ ಬಣ್ಣ ಏನು ಎಂದು ಬರೆದಿಟ್ಟಿದ್ದಾರೆ.

ಊರ ಗೋಡೆಯ ಬಳಿ ವಾಸವಾಗಿದ್ದ ಫಿಲಿಸ್ಕಸ್ ಎಂಬುವನಿಗೆ ಜೋರು ಜ್ವರ. ಮೂರನೇ ದಿನ ಮಧ್ಯಾಹ್ನದವರೆಗೆ ಇಳಿದಂತಿದ್ದ ಜ್ವರ ಸಂಜೆಗೆ ಮತ್ತೆ ಏರಿತು. ನಾಲಗೆ ಒಣಗಿತು, ಮೂತ್ರ ಕಪ್ಪಾಯಿತು, ರಾತ್ರಿ ಬಡಬಡಿಸಿದ. ಕೈಕಾಲು ತಣ್ಣಗಾದವು. ಆರನೇ ದಿನ ನಡುಮಧ್ಯಾಹ್ನ ಸತ್ತ. ಅವನು ಉಸಿರಾಡುವುದನ್ನೇ ಮರೆತು, ಮತ್ತೆ ನೆನಪು ಮಾಡಿಕೊಂಡಂತೆ ದೀರ್ಘವಾಗಿ ಉಸಿರೆಳೆಯುತ್ತಿದ್ದನೆಂದು ವೈದ್ಯ ಗಮನಿಸಿದ್ದಾನೆ. ಸಾವಿನ ಸಮೀಪದಲ್ಲಿ ಕಾಣುವ ಇಂಥ ಉಸಿರಾಟವನ್ನು 19ನೇ ಶತಮಾನದಲ್ಲಿ ಡಬ್ಲಿನ್ನಿನ ಚೆಯ್ನ್, ಸ್ಟೋಕ್ಸ್ ಎಂಬ ವೈದ್ಯರು ಮತ್ತೆ ವಿವರಿಸಿದರು. ಇವತ್ತಿನ ಐಸಿಯುಗಳಲ್ಲಿ ಅದಕ್ಕೆ ಅವರಿಬ್ಬರ ಹೆಸರೇ ಇದೆ.

ಈ 42 ಜನರಲ್ಲಿ 25 ಜನ ಸತ್ತರು. ಗುಡಿಯ ಕಲ್ಲುಗಳ ಮೇಲೆ ಗುಣವಾದವರ ಕಥೆಗಳನ್ನಷ್ಟೇ ಕೆತ್ತುತ್ತಿದ್ದ ಕಾಲದಲ್ಲಿ ಒಬ್ಬ ವೈದ್ಯ ತನ್ನ ಕೈಯಲ್ಲಿ ಉಳಿಯದವರ ಕಥೆಯನ್ನು ಬರೆದಿಟ್ಟ. ಜಾಹೀರಾತಿಗೆ ಇದರಿಂದ ಉಪಯೋಗವಿಲ್ಲ. ಮುಂದೆ ಬರುವ ವೈದ್ಯನಿಗೆ ಮಾತ್ರ ಉಪಯೋಗ. ಗ್ರೀಕರು ಬಿಟ್ಟುಹೋದ ದೊಡ್ಡ ಆಸ್ತಿ ಇದೇ ಎಂದು ನನಗನಿಸುತ್ತದೆ.

ನಾಲ್ಕು ರಸಗಳ ಲೆಕ್ಕ

ಅವರು ಬಿಟ್ಟುಹೋದ ಸಾಲವೂ ಇದೆ. ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ. ಅವು ಹದವಾಗಿ ಬೆರೆತರೆ ಆರೋಗ್ಯ, ಹದ ತಪ್ಪಿದರೆ ರೋಗ ಎಂಬ ಸಿದ್ಧಾಂತ ‘ಮನುಷ್ಯನ ಪ್ರಕೃತಿ’ ಎಂಬ ಪುಸ್ತಕದಲ್ಲಿದೆ. ಚಳಿಗಾಲಕ್ಕೆ ಕಫ, ವಸಂತಕ್ಕೆ ರಕ್ತ, ಬೇಸಿಗೆಗೆ ಹಳದಿ ಪಿತ್ತ, ಎಲೆ ಉದುರುವ ಕಾಲಕ್ಕೆ ಕಪ್ಪು ಪಿತ್ತ. ವಾತ-ಪಿತ್ತ-ಕಫ ಕೇಳಿ ಬೆಳೆದ ನಮಗೆ ಇದು ನೆಂಟರ ಮನೆಯ ಮಾತಿನಂತೆ ಕೇಳಿಸುತ್ತದೆ.

ಈ ಲೆಕ್ಕವನ್ನು ದೊಡ್ಡ ಕಟ್ಟಡವನ್ನಾಗಿ ಕಟ್ಟಿದವನು ಗ್ಯಾಲೆನ್. ಕ್ರಿ.ಶ. 129ರಲ್ಲಿ ಪೆರ್ಗಮಾನ್‌ನಲ್ಲಿ ಹುಟ್ಟಿ, ಅಲ್ಲಿಯ ಕಾಳಗದ ಮಲ್ಲರಾದ ಗ್ಲಾಡಿಯೇಟರುಗಳ ಗಾಯಗಳಿಗೆ ಚಿಕಿತ್ಸೆ ಮಾಡುತ್ತ ಕೈಪಳಗಿಸಿಕೊಂಡ. ಮುಂದೆ ರೋಮಿನಲ್ಲಿ ಚಕ್ರವರ್ತಿ ಮಾರ್ಕಸ್ ಆರೇಲಿಯಸನ ವೈದ್ಯನಾದ. ರಕ್ತನಾಳಗಳಲ್ಲಿ ಗಾಳಿಯಲ್ಲ, ರಕ್ತವೇ ಇದೆ ಎಂದು ತೋರಿಸಿದ. ಹಂದಿಯ ಕತ್ತಿನ ಒಂದು ನರ ಕಟ್ಟಿದರೆ ಅದರ ಕೂಗು ನಿಲ್ಲುತ್ತದೆ ಎಂದು ಜನರ ಮುಂದೆ ಮಾಡಿ ತೋರಿಸಿದ. ಆದರೆ ಮನುಷ್ಯರ ಶವ ಕೊಯ್ಯುವಂತಿರಲಿಲ್ಲ. ಕೋತಿ, ಹಂದಿ, ದನಗಳಲ್ಲಿ ಕಂಡದ್ದನ್ನೇ ಮನುಷ್ಯನಿಗೂ ಅನ್ವಯಿಸಿ ಬರೆದುಬಿಟ್ಟ.

ಯೂನಾನಿನಿಂದ ಚಾರ್‌ಮಿನಾರ್‌ವರೆಗೆ

ಗ್ಯಾಲೆನ್ನನ ಪುಸ್ತಕಗಳು 9ನೇ ಶತಮಾನದ ಬಾಗ್ದಾದಿಗೆ ಬಂದವು. ಅಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸ ಮತ್ತು ಅವನ ಸಂಗಡಿಗರು ಅವನ್ನು ಸಿರಿಯಾಕ್, ಅರಬ್ಬಿ ಭಾಷೆಗಳಿಗೆ ಅನುವಾದಿಸಿದರು. ಆ ಜ್ಞಾನವನ್ನು ಒಪ್ಪ ಮಾಡಿ ಇಬ್ನ್ ಸೀನಾ (980–1037) ‘ಅಲ್-ಕಾನೂನ್’ ಎಂಬ ಐದು ಭಾಗಗಳ ಗ್ರಂಥ ಬರೆದ. 12ನೇ ಶತಮಾನದಲ್ಲಿ ಅದು ಲ್ಯಾಟಿನ್ನಿಗೆ ಹೋಗಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಪಠ್ಯವಾಯಿತು. ಇನ್ನೊಂದು ದಾರಿಯಲ್ಲಿ ಅದೇ ವಿದ್ಯೆ ಹಕೀಮರ ಜೊತೆ ಹಿಂದೂಸ್ತಾನಕ್ಕೆ ಬಂತು.

ಅರಬ್ಬರ ‘ಯೂನಾನ್’, ನಮ್ಮ ಸಂಸ್ಕೃತದ ‘ಯವನ’ ಎರಡೂ ಒಂದೇ ಬೇರಿನವು. ಗ್ರೀಕರ ‘ಅಯೋನಿಯಾ’ ಪ್ರಾಂತ್ಯದ ಹೆಸರು ಅವೆರಡರ ಮೂಲ. ಹೈದರಾಬಾದಿನ ಚಾರ್‌ಮಿನಾರ್ ಪಕ್ಕದಲ್ಲೇ ನಿಜಾಮರ ಕಾಲದ ಯೂನಾನಿ ಆಸ್ಪತ್ರೆ ಇದೆ, ತಿಬ್ಬಿ ಕಾಲೇಜೂ ಇದೆ. ದೆಹಲಿಯ ಕರೋಲ್ ಬಾಗಿನಲ್ಲಿ ಹಕೀಮ್ ಅಜ್ಮಲ್ ಖಾನ್ ಕಟ್ಟಿದ ಆಯುರ್ವೇದ-ಯೂನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಬೆಂಗಳೂರಿನ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆ ಇದೆ. ಬೇಸಿಗೆಯಲ್ಲಿ ದೆಹಲಿ ಕನ್ನಡಿಗರು ಕುಡಿಯುವ ರೂಹ್ ಅಫ್ಜಾ ಕೂಡ 20ನೇ ಶತಮಾನದ ಆರಂಭದಲ್ಲಿ ಹಕೀಮರೊಬ್ಬರು ಮಾಡಿದ ತಂಪಿನ ಪಾನಕ.

ಮಾತಿನಲ್ಲೂ ಆ ವಿದ್ಯೆ ಉಳಿದಿದೆ. ಹೈದರಾಬಾದಿನಲ್ಲಿ ಹಿರಿಯರು "ಮಿಜಾಜ್ ಕೈಸೇ ಹೈಂ?" ಎಂದು ಕುಶಲ ಕೇಳುತ್ತಾರೆ. ಮಿಜಾಜ್ ಎಂದರೆ ಬೆರಕೆ. ದೇಹದೊಳಗಿನ ನಾಲ್ಕು ರಸಗಳು ಹೇಗೆ ಬೆರೆತಿವೆ ಎಂಬುದೇ ಆ ಪ್ರಶ್ನೆ! ನಮ್ಮ ಕಲಬುರಗಿ ಕಡೆ "ಅವನ ಮಿಜಾಜೇ ಬ್ಯಾರೆ" ಅನ್ನುವಾಗಲೂ ಅದೇ ಪದ. ಇಂಗ್ಲಿಷಿನ ‘ಮೆಲಾಂಕಲಿ’ ಎಂದರೆ ಕಪ್ಪು ಪಿತ್ತ. ‘ಡಯಟ್’ ಗ್ರೀಕಿನಲ್ಲಿ ಬರೀ ಊಟವಲ್ಲ, ಬದುಕುವ ಇಡೀ ರೀತಿ. ‘ಫಾರ್ಮಸಿ’ಯ ಮೂಲವಾದ ‘ಫಾರ್ಮಕಾನ್’ ಪದಕ್ಕೆ ಔಷಧ, ವಿಷ ಎರಡೂ ಅರ್ಥ. ನಮ್ಮಲ್ಲೂ ‘ಮದ್ದು ಕೊಟ್ಟರು’ ಎಂದರೆ ಒಂದು, ‘ಮದ್ದು ಹಾಕಿದರು’ ಎಂದರೆ ಇನ್ನೊಂದು.

ಸಿದ್ಧಾಂತ ಮುಂದೆ, ರೋಗಿ ಹಿಂದೆ

ರಸ ಹೆಚ್ಚಾದರೆ ತೆಗೆಯಬೇಕು ಎಂಬ ಲೆಕ್ಕದಿಂದ ರಕ್ತ ಹರಿಸುವ ಚಿಕಿತ್ಸೆ ಬೆಳೆಯಿತು. 1799ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರಿಗೆ ಗಂಟಲು ಕಟ್ಟಿ ಉಸಿರಾಟ ಕಷ್ಟವಾದಾಗ ಒಂದೇ ದಿನದಲ್ಲಿ ಹಲವು ಸಲ, ಒಟ್ಟು ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆದರು ಎಂಬ ಅಂದಾಜಿದೆ. ಅಂದು ರಾತ್ರಿಯೇ ಅವರು ತೀರಿಕೊಂಡರು.

ಗ್ಯಾಲೆನ್ನನ ಮಾತು ಶಾಸ್ತ್ರವಾಗಿಬಿಟ್ಟಿತ್ತು. 1543ರಲ್ಲಿ ವೆಸಾಲಿಯಸ್ ಮನುಷ್ಯರ ಶವ ಕೊಯ್ದು ನೋಡಿ, ಗ್ಯಾಲೆನ್ ಬರೆದ ಎಷ್ಟೋ ಸಂಗತಿಗಳು ಮನುಷ್ಯನ ದೇಹದಲ್ಲಿಲ್ಲ ಎಂದು ಪುಸ್ತಕ ಬರೆದ. ಅವನ ಗುರು ಸಿಲ್ವಿಯಸ್ ಒಪ್ಪಲಿಲ್ಲ. ಗ್ಯಾಲೆನ್ ತಪ್ಪಿಲ್ಲ, ಅವನ ಕಾಲದ ನಂತರ ಮನುಷ್ಯನ ದೇಹವೇ ಬದಲಾಗಿದೆ ಎಂದು ವಾದಿಸಿದ! 1628ರಲ್ಲಿ ಹಾರ್ವೆ ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತೋರಿಸಿದ ಮೇಲೂ ರಕ್ತ ಹರಿಸುವುದು ನಿಲ್ಲಲಿಲ್ಲ. 1835ರಲ್ಲಿ ಪ್ಯಾರಿಸ್ಸಿನ ಪಿಯೆರ್ ಲೂಯಿ ಎಂಬ ವೈದ್ಯ, ನ್ಯುಮೋನಿಯಾ ಬಂದ ರೋಗಿಗಳಲ್ಲಿ ಯಾರಿಗೆ ಯಾವಾಗ ರಕ್ತ ತೆಗೆದರು, ಯಾರು ಬದುಕಿದರು, ಯಾರು ಸತ್ತರು ಎಂದು ಎಣಿಸಿ ಬರೆದ. ನಂಬಿದಷ್ಟು ಪ್ರಯೋಜನವಿಲ್ಲ ಎಂದು ಆ ಎಣಿಕೆ ತೋರಿಸಿತು. ಎರಡು ಸಾವಿರ ವರ್ಷದ ಹಿಂದೆ 42 ರೋಗಿಗಳ ದಿನಚರಿ ಬರೆದವನು ಮಾಡಿದ್ದೂ ಇದನ್ನೇ. ಗ್ರೀಕರ ಸಿದ್ಧಾಂತ ಮಾಡಿದ ಹಾನಿಯನ್ನು ಗ್ರೀಕರ ಅಭ್ಯಾಸವೇ ತಿದ್ದಿತು.

ಇದಕ್ಕೆ ನಮ್ಮ ಹತ್ತಿರದ ಉದಾಹರಣೆ ಮಲೇರಿಯಾ. ಜೌಗಿನ ನಿಂತ ನೀರು ಕುಡಿಯುವವರ ಗುಲ್ಮ, ಅಂದರೆ ಹೊಟ್ಟೆಯ ಎಡಗಡೆಯ ಅಂಗ, ಊದಿ ಗಟ್ಟಿಯಾಗುತ್ತದೆ ಎಂದು ‘ಗಾಳಿ, ನೀರು, ನೆಲ’ ಹೇಳುತ್ತದೆ. ಕಂಡದ್ದು ಸರಿ, ಆದರೆ ತಪ್ಪು ಕುಡಿಯುವ ನೀರಿನದಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್, ತನ್ನ ಬಂಗಲೆಯಲ್ಲಿ ಸೊಳ್ಳೆ ಹೆಚ್ಚಾಗಲು ಹತ್ತಿರದಲ್ಲಿ ನಿಂತ ನೀರೇ ಕಾರಣ ಎಂದು ಗಮನಿಸಿದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡ. ನಿಂತ ನೀರಿಗೂ ಊದಿದ ಗುಲ್ಮಕ್ಕೂ ನಡುವೆ ಇದ್ದ ಕೊಂಡಿ ಸಿಕ್ಕಿತು.

ಆರೈಕೆ ಮಾಡಿದವರು ಯಾರು?

ಗ್ರೀಕ್ ವೈದ್ಯರ ಒಂದು ಮಿತಿಯನ್ನೂ ಹೇಳಬೇಕು. ರೋಗ ಮೇಲುಗೈ ಪಡೆದ ರೋಗಿಯನ್ನು ಮುಟ್ಟಬಾರದು ಎಂದು ಅವರದೇ ಒಂದು ಪುಸ್ತಕ ಸಲಹೆ ಕೊಡುತ್ತದೆ. ಹಾಗಾದರೆ ಕೈಬಿಟ್ಟವರನ್ನು ನೋಡಿಕೊಂಡವರು ಯಾರು? ಮನೆಯವರು, ಹೆಂಗಸರು, ಆಳುಗಳು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಮಹಾಮಾರಿ ಬಂದಾಗಿನ ಚಿತ್ರವನ್ನು ಇತಿಹಾಸಕಾರ ಥುಸಿಡಿಡೀಸ್ ಕೊಟ್ಟಿದ್ದಾನೆ. ಸ್ವತಃ ಅವನಿಗೂ ಆ ರೋಗ ತಗುಲಿ ವಾಸಿಯಾಗಿತ್ತು. ರೋಗಿಗಳ ಬಳಿ ಹೆಚ್ಚು ಹೋಗುತ್ತಿದ್ದ ವೈದ್ಯರೇ ಹೆಚ್ಚಾಗಿ ಸತ್ತರು. ಹೆದರಿ ದೂರ ಉಳಿದ ಮನೆಗಳಲ್ಲಿ ರೋಗಿಗಳು ಒಂಟಿಯಾಗಿ ಸತ್ತರು. ಹತ್ತಿರ ಹೋದವರು ರೋಗ ಹತ್ತಿಸಿಕೊಂಡರು. ರೋಗ ಬಂದು ಬದುಕುಳಿದವರು ಮಾತ್ರ ಧೈರ್ಯವಾಗಿ ಉಳಿದವರ ಸೇವೆ ಮಾಡಿದರು, ಏಕೆಂದರೆ ಅದು ಎರಡನೇ ಸಲ ಬಂದರೂ ಕೊಲ್ಲುವುದಿಲ್ಲ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. 2020–21ರಲ್ಲಿ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕಂಡದ್ದೂ ಬಹುಮಟ್ಟಿಗೆ ಇದೇ ಅಲ್ಲವೇ? ಬಾಗಿಲಿಗೆ ಅನ್ನ-ಸಾರಿನ ಡಬ್ಬಿ ಇಟ್ಟುಹೋದವರಲ್ಲಿ ಎಷ್ಟೋ ಜನ ಒಮ್ಮೆ ಕೋವಿಡ್ ಕಂಡವರೇ.

ರೋಗಿಗಳನ್ನು ಒಂದೆಡೆ ಇಟ್ಟುಕೊಂಡು ಆರೈಕೆ ಮಾಡುವ ಆಸ್ಪತ್ರೆಗಳು ಹಿಪ್ಪೊಕ್ರೇಟಿಸನ ಎಷ್ಟೋ ಶತಮಾನಗಳ ನಂತರ ಕ್ರೈಸ್ತ ಮಠಗಳಿಂದ, ಇಸ್ಲಾಮಿ ನಗರಗಳ ಬೀಮಾರಿಸ್ತಾನಗಳಿಂದ ಬೆಳೆದವು. ಗ್ರೀಕರಿಂದ ಬಂದದ್ದು ವೈದ್ಯನ ನಡತೆಯ ಕಟ್ಟಳೆ. ಹಿಪ್ಪೊಕ್ರೇಟಿಸನ ಹೆಸರಿನ ಪ್ರತಿಜ್ಞೆಯಲ್ಲಿ ವೈದ್ಯ ರೋಗಿಯ ಹಿತಕ್ಕಾಗಿಯೇ ಮನೆಯೊಳಗೆ ಕಾಲಿಡಬೇಕು, ಮನೆಯವರಾಗಲಿ ಆಳುಗಳಾಗಲಿ ಯಾರ ಮೇಲೂ ಕೆಟ್ಟ ದೃಷ್ಟಿ ಇಡಬಾರದು, ಅಲ್ಲಿ ಕಂಡದ್ದು ಕೇಳಿದ್ದನ್ನು ಹೊರಗೆ ಆಡಬಾರದು ಎಂದಿದೆ. ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ಜಿನೀವಾ ಘೋಷಣೆಯಾಗಿ ಅದಕ್ಕೆ ಹೊಸ ರೂಪ ಕೊಟ್ಟಿತು. ‘ಕ್ಲಿನಿಕ್’ ಪದದ ಮೂಲದಲ್ಲಿರುವ ಗ್ರೀಕ್ ‘ಕ್ಲೀನೆ’ ಎಂದರೆ ಹಾಸಿಗೆ. ರೋಗಿಯ ಹಾಸಿಗೆಯ ಬಳಿ ಕುಳಿತು ನೋಡುವುದೇ ಕ್ಲಿನಿಕ್.

ಚೀಲದಲ್ಲಿ ಏನಿತ್ತು?

ಅವ್ವನ ಚೀಲದಲ್ಲಿ ಒಂಬತ್ತು ಬಗೆಯ ಗುಳಿಗೆಗಳಿದ್ದವು. ಅದರಲ್ಲಿ ಎರಡು ಪಟ್ಟಿಗಳನ್ನು ಡಾಕ್ಟರು ಪಕ್ಕಕ್ಕಿಟ್ಟರು. ಒಂದು ಊರಿನ ಡಾಕ್ಟರು ವರ್ಷಗಳಿಂದ ಕೊಡುತ್ತಿದ್ದ ಬಿಪಿ ಗುಳಿಗೆ. ಇನ್ನೊಂದು, ಅವ್ವ ಇಲ್ಲಿಗೆ ಬಂದ ವಾರದಲ್ಲೇ ತಪಾಸಣೆಗೆ ಕರೆದೊಯ್ದಾಗ ಬರೆದುಕೊಟ್ಟದ್ದು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧ ಒಂದೇ. ಎರಡನೆಯದು ಮೊಣಕಾಲು ನೋವಿಗೆ ಎಂದುಕೊಂಡು ಅವ್ವ ಎರಡನ್ನೂ ತಪ್ಪದೆ ನುಂಗುತ್ತಿದ್ದಳು. ಬೆಳಿಗ್ಗೆ ಎದ್ದಾಗ ಬಿಪಿ ತೀರ ಇಳಿದುಹೋಗುತ್ತಿತ್ತು. ಡಾಕ್ಟರು ಒಂದನ್ನು ನಿಲ್ಲಿಸಿದರು. ವಾರದೊಳಗೆ ತಲೆಸುತ್ತು ಹೋಯಿತು.

ಹೊಸ ಗುಳಿಗೆ ಬರೆದವರು ಮೊದಲೇ ಏನು ನುಂಗುತ್ತೀರಿ ಎಂದು ಕೇಳಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನಾನೂ ಹೇಳಲಿಲ್ಲ. ಬರೀ ಅವರನ್ನು ದೂರಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅವ್ವ ಏನು ನುಂಗುತ್ತಾಳೆ ಎಂದು ಅವಳ ಮಗನಾದ ನನಗೇ ಗೊತ್ತಿರಲಿಲ್ಲ.

ಸ್ಕ್ಯಾನು ಬೇಡ ಎನ್ನುತ್ತಿಲ್ಲ. ಫಿಲಿಸ್ಕಸನ ವೈದ್ಯನ ಕೈಯಲ್ಲಿ ಇವತ್ತಿನ ಒಂದು ರಕ್ತ ಪರೀಕ್ಷೆ, ಒಂದು ಮಾತ್ರೆ ಇದ್ದಿದ್ದರೆ ಅವನು ಬಹುಶಃ ಉಳಿಯುತ್ತಿದ್ದ. ಆದರೆ ಯಂತ್ರಕ್ಕೆ ಏನು ನೋಡು ಎಂದು ಹೇಳಬೇಕಾದದ್ದು ಪ್ರಶ್ನೆಯೇ. ಊರಿನಿಂದ ಹಿರಿಯರನ್ನು ಕರೆಸಿಕೊಳ್ಳುವ ನಾವು ಅವರ ಪರವಾಗಿ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಂಡರೆ ಸಾಕು: ಊರಲ್ಲಿ ಏನು ಊಟ, ಯಾವ ನೀರು, ಎಷ್ಟು ನಿದ್ದೆ, ಯಾವ ಯಾವ ಗುಳಿಗೆ, ಯಾವಾಗಿನಿಂದ, ಯಾಕೆ, ಇಲ್ಲಿಗೆ ಬಂದ ಮೇಲೆ ಏನು ಬದಲಾಯಿತು, ತೊಂದರೆ ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತು. ಗುಳಿಗೆ ಪಟ್ಟಿಯಲ್ಲಿ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನೂ ಬರೆದುಕೊಳ್ಳಿ. ಭಾಷೆ ಬಾರದ ಊರಿನಲ್ಲಿ ಆ ಹಾಳೆಯೇ ಅವರ ಬಾಯಿ.

ಅವ್ವ ದೀಪಾವಳಿಗೆ ಮತ್ತೆ ಬಂದಿದ್ದಳು. ಈ ಸಲ ಬಸ್ಸಿನಿಂದ ಇಳಿದವಳೇ ಗುಳಿಗೆ ಚೀಲವನ್ನು ನನ್ನ ಕೈಗೆ ಕೊಟ್ಟಳು. ಜೊತೆಗೆ ಊರ ಬಾವಿಯ ನೀರಿನ ಎರಡು ಬಾಟಲಿಗಳಿದ್ದವು. "ಡಾಕ್ಟರ್ ಏನಾರ ಹೇಳಲಿ, ನೀರಿಂದೂ ಅದಾ ತಮ್ಮಾ" ಅಂದಳು. ನಾನು ಈ ಸಲ ವಾದ ಮಾಡಲಿಲ್ಲ.